ಎರಡನೇ ಭಾಗ ಯಾರಿಗೆ ಕೊಟ್ಟ ಉತ್ತರ?

ಬೇಸಿಗೆ ರಜೆಯಲ್ಲಿ ಬಂದ ಕ್ರಿಸ್‌ಮಸ್ ಸಿನಿಮಾ ಅದು. 1992ರ ಜೂನ್ 19ರಂದು ಅಮೆರಿಕದಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ತೆರೆಕಂಡಾಗ ಹೊರಗೆ ಸುಡುಬಿಸಿಲು, ತೆರೆಯ ಮೇಲೆ ಸುರಿಯುವ ಹಿಮ. ವಿಕಾರವಾಗಿ ಹುಟ್ಟಿದ ಮಗುವನ್ನು ಹೆತ್ತವರೇ ನೀರಿಗೆಸೆಯುವಲ್ಲಿಂದ ಕಥೆ ಶುರು. ಆ ಮಗು ಚರಂಡಿಯ ಕೆಳಗೆ ಬೆಳೆದು ಪೆಂಗ್ವಿನ್ ಎಂಬ ಖಳನಾಗಿ ಮೇಲೆ ಬರುತ್ತದೆ. ಬಾಯಿಂದ ಕಪ್ಪು ಲೋಳೆ ಸುರಿಸುತ್ತಾ, ಹಸಿ ಮೀನು ಕಚ್ಚಿ ತಿನ್ನುತ್ತಾ, ಊರಿನ ಚೊಚ್ಚಲ ಗಂಡುಮಕ್ಕಳನ್ನೆಲ್ಲ ಕೊಂದುಹಾಕುವ ಯೋಜನೆ ಹೂಡುತ್ತದೆ. ಇದೇ ಸಿನಿಮಾದ ಆಟಿಕೆಗಳು ಮ್ಯಾಕ್‌ಡೊನಾಲ್ಡ್ಸ್‌ನ ಮಕ್ಕಳ ಊಟದ ಡಬ್ಬಿಯಲ್ಲಿ ಸಿಗುತ್ತಿದ್ದವು. ಡಬ್ಬಿ ನೋಡಿ ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪ ಅಮ್ಮಂದಿರ ಮುಖ ಹೇಗಾಗಿರಬೇಡ!

ಮೊದಲ ವಾರಾಂತ್ಯದ ಗಳಿಕೆ ನಾಲ್ಕೂವರೆ ಕೋಟಿ ಡಾಲರ್ ದಾಟಿತು. ಆ ಹೊತ್ತಿಗೆ ಅದು ದಾಖಲೆ. ಆಮೇಲೆ ಇಳಿಯತೊಡಗಿತು. 1989ರ ಮೊದಲ ‘ಬ್ಯಾಟ್‌ಮನ್’ ಜಗತ್ತಿನಾದ್ಯಂತ 41 ಕೋಟಿ ಡಾಲರ್ ತಂದಿದ್ದರೆ ಇದು ಸುಮಾರು 27 ಕೋಟಿಗೆ ನಿಂತಿತು. ಕೆಲವು ವಿಮರ್ಶಕರು ಇದನ್ನು ಮೊದಲನೆಯದಕ್ಕಿಂತ ಒಂದು ಕೈ ಮೇಲೆ ಎಂದರು, ಕೆಲವರಿಗೆ ಬ್ಯಾಟ್‌ಮನ್ ಎಲ್ಲಿದ್ದಾನೆಂದೇ ತಿಳಿಯಲಿಲ್ಲ. ಇಂಥದ್ದಕ್ಕೆ ‘ಮಿಶ್ರ ಪ್ರತಿಕ್ರಿಯೆ’ ಎಂದು ಒಂದು ಸಾಲು ಬರೆದು ಮುಂದಿನ ಶುಕ್ರವಾರದ ಬಿಡುಗಡೆಗೆ ಹೋಗುವುದು ವಾಡಿಕೆ. ನನಗೆ ಕುತೂಹಲವಿರುವುದು ಆ ಸಾಲಿನ ನಂತರದ ಕಥೆಯಲ್ಲಿ. ಬಯ್ಗುಳವೂ ಹೊಗಳಿಕೆಯೂ ಒಟ್ಟಿಗೆ ಬಂದಾಗ ಸ್ಟುಡಿಯೋದವರು ಯಾವ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಾರೆ? ಸೂಪರ್‌ಹೀರೋ ಸಿನಿಮಾಗಳ ಮುಂದುವರಿದ ಭಾಗಗಳನ್ನು ನೋಡುತ್ತಾ ಬಂದಂತೆ ನನಗನ್ನಿಸಿರುವುದು, ಪ್ರತಿ ಎರಡನೇ ಭಾಗವೂ ಯಾರಿಗೋ ಕೊಟ್ಟ ಉತ್ತರ. ಒಮ್ಮೊಮ್ಮೆ ದೂರಿದವರಿಗೆ, ಒಮ್ಮೊಮ್ಮೆ ಚಪ್ಪಾಳೆ ಹೊಡೆದವರಿಗೆ. ಕಥೆಗೆ ಬೇಕಾದ್ದು ಏನು ಎಂಬ ಪ್ರಶ್ನೆಗೆ ಸರದಿ ಬರುವುದು ಅಪರೂಪ.

‘ಬ್ಯಾಟ್‌ಮನ್ ರಿಟರ್ನ್ಸ್’ ಆ ಅಪರೂಪದ ಸಾಲಿಗೆ ಸೇರಿದ್ದು. ನಿರ್ದೇಶಕ ಟಿಮ್ ಬರ್ಟನ್‌ಗೆ ಎರಡನೇ ಭಾಗ ಮಾಡುವ ಮನಸ್ಸೇ ಇರಲಿಲ್ಲ. ಮೊದಲ ಸಲಕ್ಕಿಂತ ಹೆಚ್ಚು ಸ್ವಾತಂತ್ರ್ಯ ಸಿಕ್ಕಿದ ಮೇಲೆ ಒಪ್ಪಿಕೊಂಡ, ಸಿಕ್ಕಿದ್ದನ್ನು ಪೂರ್ತಿ ಬಳಸಿಕೊಂಡ. ಬ್ಯಾಟ್‌ಮನ್ ಪಾತ್ರದ ಮೈಕೆಲ್ ಕೀಟನ್ ತನ್ನ ಮಾತುಗಳನ್ನು ತಾನೇ ಕಡಿಮೆ ಮಾಡಿಸಿಕೊಂಡ. ಹೀಗಾಗಿ ನಾಯಕ ಅರ್ಧ ಹೊತ್ತು ಸುಮ್ಮನೆ ಕೂತು ನೋಡುತ್ತಿರುತ್ತಾನೆ, ಸಿನಿಮಾವನ್ನು ಖಳರು ನಡೆಸುತ್ತಾರೆ. ದೂರಿದವರ ಮುಖ್ಯ ದೂರೂ ಇದೇ. ದೂರು ಸುಳ್ಳೇನಲ್ಲ. ಆದರೆ ಕೊನೆಯ ಭಾಗಕ್ಕೆ ಮುನ್ನ ಒಂದು ಮುಖವಾಡದ ಪಾರ್ಟಿ ಬರುತ್ತದೆ. ಬಂದ ಅತಿಥಿಗಳೆಲ್ಲ ವೇಷ ಹಾಕಿಕೊಂಡಿದ್ದಾರೆ. ಬ್ಯಾಟ್‌ಮನ್ ಆಗಿ ತಿರುಗುವ ಬ್ರೂಸ್ ವೇಯ್ನ್ ಮತ್ತು ಕ್ಯಾಟ್‌ವುಮನ್ ಆಗಿ ತಿರುಗುವ ಸೆಲೀನಾ ಇಬ್ಬರೇ ಬರಿಮುಖದಲ್ಲಿ ಬಂದವರು. ಅವರಿಬ್ಬರ ಪಾಲಿಗೆ ಆ ಬರಿಮುಖವೇ ವೇಷ. ಕುಣಿಯುತ್ತಾ ಕುಣಿಯುತ್ತಾ, ಹಿಂದೊಮ್ಮೆ ಬ್ಯಾಟ್‌ಮನ್ ಮತ್ತು ಕ್ಯಾಟ್‌ವುಮನ್ ಆಗಿ ಹೊಡೆದಾಡುವಾಗ ಆಡಿದ್ದ ಮಾತೊಂದು ಬಾಯಿಗೆ ಬಂದು, ಯಾರು ಯಾರೆಂದು ಇಬ್ಬರಿಗೂ ಒಂದೇ ಕ್ಷಣಕ್ಕೆ ಗೊತ್ತಾಗುತ್ತದೆ. ಸೆಲೀನಾ ಪಾತ್ರದ ಮಿಶೆಲ್ ಫೈಫರ್ ಅಲ್ಲಿ ನಗುವುದೋ ಅಳುವುದೋ ಗೊತ್ತಾಗದ ಮುಖ ಮಾಡುತ್ತಾಳಲ್ಲ, ಅದಕ್ಕಾಗಿ ನಾನು ಈ ಸಿನಿಮಾದ ಪಕ್ಷ. ಪೆಂಗ್ವಿನ್‌ಗಳ ಬೆನ್ನಿಗೆ ರಾಕೆಟ್ ಕಟ್ಟಿ ಕಳಿಸುವುದನ್ನೂ ಅದಕ್ಕಾಗಿಯೇ ಸಹಿಸಿಕೊಳ್ಳುತ್ತೇನೆ.

ಸ್ಟುಡಿಯೋದವರು, ಅಂದರೆ ವಾರ್ನರ್ ಬ್ರದರ್ಸ್‌ನವರು, ಅಪ್ಪ ಅಮ್ಮಂದಿರ ಪಕ್ಷ ಹಿಡಿದರು. ಬರ್ಟನ್ ನಿರ್ಮಾಪಕನ ಸಾಲಿಗೆ ಸರಿದ, ಜೋಯಲ್ ಶೂಮಾಕರ್ ನಿರ್ದೇಶಕನಾದ. 1995ರ ‘ಬ್ಯಾಟ್‌ಮನ್ ಫಾರೆವರ್’ ನಿಯಾನ್ ಬಣ್ಣಗಳಲ್ಲಿ ಮಿಂಚಿತು, 33 ಕೋಟಿ ಡಾಲರ್ ಗಳಿಸಿತು. ಅಂದರೆ ನಮ್ಮ ಲೆಕ್ಕ ಸರಿಯಾಗಿದೆ ಎಂದುಕೊಂಡರು. ಇನ್ನಷ್ಟು ಬಣ್ಣ, ಇನ್ನಷ್ಟು ಆಟಿಕೆ ಎಂದು 1997ರಲ್ಲಿ ‘ಬ್ಯಾಟ್‌ಮನ್ ಅಂಡ್ ರಾಬಿನ್’ ತಂದರು. ಅದರ ಬಗ್ಗೆ ಮಿಶ್ರ ಪ್ರತಿಕ್ರಿಯೆಯೇನೂ ಇರಲಿಲ್ಲ, ಎಲ್ಲರೂ ಒಕ್ಕೊರಲಿನಿಂದ ಬೈದರು. 2005ರಲ್ಲಿ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಬರುವವರೆಗೆ ಬ್ಯಾಟ್‌ಮನ್ ಗುಹೆಯ ಬಾಗಿಲು ಹಾಕಿಯೇ ಇತ್ತು. ಮಕ್ಕಳು ಹೆದರುತ್ತಾರೆ ಎಂಬ ಒಂದು ದೂರಿಗೆ ಎರಡು ಸಿನಿಮಾ ಉತ್ತರವಾಗಿ ಬಂದವು. ಬರ್ಟನ್‌ನ ಸಿನಿಮಾದಲ್ಲಿ ಚೆನ್ನಾಗಿದ್ದದ್ದು ಯಾವುದು ಎಂದು ಯಾರೂ ಕೇಳಿದಂತೆ ಕಾಣೆ.

ಅವರು ಕೇಳಿದ್ದರೂ ಹೇಳಲು ಆಗ ಇಂದಿನಂಥ ಅಂಕಪಟ್ಟಿ ಇರಲಿಲ್ಲ ಎನ್ನಬಹುದು. ಆದರೆ ಇಂದಿನ ಅಂಕಪಟ್ಟಿಗಳೂ ಈ ವಿಷಯದಲ್ಲಿ ಕುರುಡೇ. ವಿಮರ್ಶೆಗಳನ್ನು ಒಟ್ಟುಹಾಕುವ ಜಾಲತಾಣ ರಾಟನ್ ಟೊಮ್ಯಾಟೋಸ್ 1998ರಲ್ಲಿ ಶುರುವಾಯಿತು. ಅದು ತೋರಿಸುವ ಶೇಕಡಾವಾರು ಸಿನಿಮಾಕ್ಕೆ ಸಿಕ್ಕ ಅಂಕ ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಹೇಳುವುದು ಇಷ್ಟೇ: ನೂರು ವಿಮರ್ಶಕರಲ್ಲಿ ಎಷ್ಟು ಜನ ‘ಪರವಾಗಿಲ್ಲ, ನೋಡಿ’ ಎಂದರು. ಹತ್ತು ಜನ ವಿಮರ್ಶಕರು ತಲಾ ಹತ್ತಕ್ಕೆ ಆರು ಕೊಟ್ಟರು ಎಂದುಕೊಳ್ಳಿ. ಎಲ್ಲರೂ ಪರವೇ, ಆದ್ದರಿಂದ ಶೇಕಡಾ 100. ಇನ್ನೊಂದು ಸಿನಿಮಾಕ್ಕೆ ಐದು ಜನ ಹತ್ತಕ್ಕೆ ಹತ್ತು ಕೊಟ್ಟರು, ಉಳಿದ ಐವರು ಎರಡೇ ಕೊಟ್ಟರು. ಅದಕ್ಕೆ ಶೇಕಡಾ 50. ಸರಾಸರಿ ತೆಗೆದರೆ ಎರಡಕ್ಕೂ ಆರೇ. ಮೆಟಾಕ್ರಿಟಿಕ್ ಎಂಬ ಇನ್ನೊಂದು ಜಾಲತಾಣ ಹಾಗೆ ಸರಾಸರಿ ತೆಗೆಯುವ ಪೈಕಿ, ಅಲ್ಲಿ ಇವೆರಡೂ ಅಕ್ಕಪಕ್ಕ ಕೂರುತ್ತವೆ. ಯಾರಿಗೂ ನೋವಾಗದ, ಯಾರಿಗೂ ನೆನಪಿರದ ಸಿನಿಮಾ ಒಂದು. ಜನ ಜಗಳವಾಡುವ ಸಿನಿಮಾ ಇನ್ನೊಂದು. ಒಂದು ಪಟ್ಟಿ ಮೊದಲನೆಯದನ್ನು ಅಟ್ಟಕ್ಕೇರಿಸುತ್ತದೆ, ಇನ್ನೊಂದು ಎರಡನ್ನೂ ಸಮ ಎನ್ನುತ್ತದೆ. ನಾನಾದರೆ ಟಿಕೆಟ್ ತೆಗೆಯುವುದು ಎರಡನೆಯದಕ್ಕೆ.

ಸಿನಿಮಾಸ್ಕೋರ್ ಎಂಬ ಇನ್ನೊಂದಿದೆ, ಅದು ನನಗೆ ಹೆಚ್ಚು ಸ್ವಾರಸ್ಯದ್ದು. ಬಿಡುಗಡೆಯ ಮೊದಲ ರಾತ್ರಿ ಅಮೆರಿಕದ ಚಿತ್ರಮಂದಿರಗಳಲ್ಲಿ ಸಿನಿಮಾ ಮುಗಿಸಿ ಹೊರಬರುವವರ ಕೈಗೆ ಚೀಟಿ ಕೊಟ್ಟು, ಶಾಲೆಯ ಮಾದರಿಯಲ್ಲಿ ಎ, ಬಿ, ಸಿ ಎಂದು ಗ್ರೇಡ್ ಕೇಳುತ್ತಾರೆ. ಮೊದಲ ರಾತ್ರಿಯೇ ಓಡಿಬಂದವರು ಯಾರು? ಮೆಚ್ಚಲೆಂದೇ ಬಂದವರು. ಹಾಗಾಗಿ ಸೂಪರ್‌ಹೀರೋ ಸಿನಿಮಾಕ್ಕೆ ಅಲ್ಲಿ ‘ಬಿ’ ಬಂದರೂ ಸ್ಟುಡಿಯೋದವರ ಮುಖ ಸಪ್ಪಗಾಗುತ್ತದೆ. 2016ರ ಮಾರ್ಚ್‌ನಲ್ಲಿ ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್’ಗೆ ಸಿಕ್ಕಿದ್ದು ಆ ‘ಬಿ’. ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ 16 ಕೋಟಿ ಡಾಲರ್ ಮೀರಿ ಬಂದ ಸಿನಿಮಾ, ಎರಡನೇ ವಾರಾಂತ್ಯಕ್ಕೆ ಅದರ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು.

ಉತ್ತರ ಕೊಡುವ ಚಟ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಈ ಸಿನಿಮಾ ಒಳ್ಳೆಯ ಉದಾಹರಣೆ. ಇದರ ಹಿಂದಿನ ‘ಮ್ಯಾನ್ ಆಫ್ ಸ್ಟೀಲ್’ 2013ರಲ್ಲಿ ಬಂದಾಗ, ಸೂಪರ್‌ಮನ್ ಮತ್ತು ಖಳ ಝಾಡ್ ಹೊಡೆದಾಡುತ್ತಾ ಒಂದಿಡೀ ನಗರವನ್ನು ಪುಡಿಮಾಡುತ್ತಾರೆ, ಸತ್ತವರ ಲೆಕ್ಕ ಯಾರಿಗೂ ಬೇಡವೇ ಎಂದು ಜನ ಕೇಳಿದ್ದರು. ನಿರ್ದೇಶಕ ಝ್ಯಾಕ್ ಸ್ನೈಡರ್ ಆ ಪ್ರಶ್ನೆಯನ್ನೇ ಮುಂದಿನ ಸಿನಿಮಾದ ಬಾಗಿಲಾಗಿ ಮಾಡಿಕೊಂಡ. ಅದೇ ಹೊಡೆದಾಟವನ್ನು ಈ ಸಲ ನೆಲದ ಮೇಲಿಂದ ನೋಡುತ್ತೇವೆ. ಬ್ರೂಸ್ ವೇಯ್ನ್ ಉರುಳುತ್ತಿರುವ ಕಟ್ಟಡದ ಧೂಳಿನೊಳಕ್ಕೆ ಓಡುತ್ತಾನೆ, ತನ್ನ ನೌಕರರನ್ನು ಹುಡುಕುತ್ತಾನೆ, ಆಕಾಶದಲ್ಲಿ ಎರಡು ಚುಕ್ಕೆಗಳು ಡಿಕ್ಕಿ ಹೊಡೆಯುತ್ತಿವೆ. ಟೀಕೆಗೆ ಕೊಟ್ಟ ಉತ್ತರ ಇಷ್ಟು ಚೆನ್ನಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ, ಏಕೆಂದರೆ ಅಲ್ಲಿ ಉತ್ತರವೇ ಕಥೆಯಾಗಿದೆ. ಅದೇ ಸಿನಿಮಾದ ಕೊನೆಯ ಯುದ್ಧ ಬರುವಷ್ಟರಲ್ಲಿ ಉತ್ತರದ ದರ್ಜೆ ಕುಸಿದಿರುತ್ತದೆ. ಕೆಲಸದ ಹೊತ್ತು ಮುಗಿದಿದೆ, ನಗರದ ನಡುಭಾಗ ಬಹುಪಾಲು ಖಾಲಿ ಎಂದು ಟಿವಿ ವರದಿಯಲ್ಲಿ ಹೇಳಿಸುತ್ತಾರೆ. ಹೊಡೆದಾಟ ದ್ವೀಪಕ್ಕೆ ಹೋದರೆ ಅಲ್ಲೂ ಜನವಸತಿ ಇಲ್ಲ ಎಂಬ ಮಾತು ಬರುತ್ತದೆ. ಯಾರೂ ಸಾಯಲ್ಲ ಮಾರಾಯ್ರೇ, ನಿಶ್ಚಿಂತೆಯಿಂದ ನೋಡಿ ಎಂದ ಹಾಗೆ. ಪಾತ್ರಗಳು ಪರಸ್ಪರ ಮಾತಾಡುವುದನ್ನು ಬಿಟ್ಟು ವಿಮರ್ಶಕರ ಜೊತೆ ಮಾತಾಡತೊಡಗಿದರೆ ನನಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ.

ಮುಂದಿನ ಕಥೆ ಗೊತ್ತಿರುವುದೇ. ತುಂಬಾ ಕತ್ತಲು, ನಗುವೇ ಇಲ್ಲ ಎಂಬ ದೂರು ಕಿವಿಗೆ ಬೀಳುವಾಗಲೇ ‘ಜಸ್ಟಿಸ್ ಲೀಗ್’ ಚಿತ್ರೀಕರಣ ಶುರುವಾಗುವುದರಲ್ಲಿತ್ತು. ಕುಟುಂಬದಲ್ಲಾದ ಸಾವಿನಿಂದ ಸ್ನೈಡರ್ 2017ರಲ್ಲಿ ಹಿಂದೆ ಸರಿದ ಮೇಲೆ ಇನ್ನೊಬ್ಬ ನಿರ್ದೇಶಕ ಜಾಸ್ ವೀಡನ್ ಬಂದು ಹೊಸ ದೃಶ್ಯ, ಹೊಸ ಹಾಸ್ಯ ಸೇರಿಸಿದ. ಎರಡು ಗಂಟೆ ಮೀರಕೂಡದು ಎಂದು ಮೇಲಿನಿಂದ ಅಪ್ಪಣೆ. ಇನ್ನೊಂದು ಸಿನಿಮಾಕ್ಕೆಂದು ಮೀಸೆ ಬಿಟ್ಟಿದ್ದ, ಸೂಪರ್‌ಮನ್ ಪಾತ್ರದ ಹೆನ್ರಿ ಕ್ಯಾವಿಲ್‌ಗೆ ಅದನ್ನು ತೆಗೆಯುವಂತಿರಲಿಲ್ಲ, ಆದ್ದರಿಂದ ರೀಶೂಟ್ ದೃಶ್ಯಗಳಲ್ಲಿ ಕಂಪ್ಯೂಟರಿನಲ್ಲಿ ಬೋಳಿಸಿದರು. ಆ ಸಿನಿಮಾದಿಂದ ಜನರಿಗೆ ಉಳಿದ ನೆನಪೆಂದರೆ ಸೂಪರ್‌ಮನ್‌ನ ಆ ಮೇಲ್ದುಟಿ. ಎಲ್ಲ ಹೀರೋಗಳನ್ನೂ ಒಟ್ಟಿಗೆ ತಂದರೂ ಗಳಿಕೆ 65 ಕೋಟಿ ಡಾಲರ್ ಆಸುಪಾಸು, ಅಂದರೆ ಎಲ್ಲರೂ ಬೈದಿದ್ದ ಹಿಂದಿನ ಸಿನಿಮಾದ ಮುಕ್ಕಾಲು ಪಾಲು. 2021ರಲ್ಲಿ ಅಭಿಮಾನಿಗಳ ಹಟಕ್ಕೆ ಸ್ನೈಡರ್‌ನ ನಾಲ್ಕು ಗಂಟೆಯ ಆವೃತ್ತಿಯೂ ಬಂತು. ಅದು ಉದ್ದವಾಯಿತು, ನಿಜ. ಆದರೆ ಒಬ್ಬ ಮನುಷ್ಯ ಮಾಡಿದ ಸಿನಿಮಾ ಅನ್ನಿಸುತ್ತದೆ, ಸಮಿತಿ ಕೂತು ಬರೆದ ಸ್ಪಷ್ಟೀಕರಣ ಅನ್ನಿಸುವುದಿಲ್ಲ.

ದೂರಿದವರಿಗೆ ಉತ್ತರ ಕೊಡುವುದು ಒಂದು ಬಗೆ. ಅಭಿಮಾನಿಗಳಿಗೆ ಬಡಿಸುವುದು ಇನ್ನೊಂದು. 2007ರ ‘ಸ್ಪೈಡರ್‌ಮ್ಯಾನ್ 3’ರಲ್ಲಿ ವೆನಮ್ ಎಂಬ ಖಳ ಇರುವುದೇ ಆ ಕಾರಣಕ್ಕೆ. ನಿರ್ದೇಶಕ ಸ್ಯಾಮ್ ರೈಮಿ ಹಳೆಯ ಕಾಮಿಕ್ಸ್ ಓದಿ ಬೆಳೆದವನು. 1988ರಲ್ಲಿ ಹುಟ್ಟಿದ ವೆನಮ್ ಅವನ ಬಾಲ್ಯದವನಲ್ಲ, ಅವನಿಗೆ ಆ ಪಾತ್ರದ ಮೇಲೆ ಒಲವೂ ಇರಲಿಲ್ಲ. ನಿರ್ಮಾಪಕ ಆವಿ ಅರಾದ್ ಅಭಿಮಾನಿಗಳಿಗೆ ಇವನು ಬೇಕು ಎಂದು ಒಪ್ಪಿಸಿದ. ಕೊನೆಗೆ ಸ್ಯಾಂಡ್‌ಮ್ಯಾನ್, ವೆನಮ್, ಹ್ಯಾರಿ ಎಂದು ಮೂರು ಎದುರಾಳಿಗಳು ಒಂದೇ ಸಿನಿಮಾದಲ್ಲಿ ನೂಕಾಡಿದರು. ಗಳಿಕೆ ಮಾತ್ರ ಸುಮಾರು 89 ಕೋಟಿ ಡಾಲರ್, ರೈಮಿಯ ಮೂರರಲ್ಲಿ ಅತಿ ಹೆಚ್ಚು. ಹಣವನ್ನೇ ಮತ ಎಂದುಕೊಂಡವರಿಗೆ ಇದನ್ನು ವಿವರಿಸುವುದು ಕಷ್ಟ. ಪಾತ್ರಗಳ ಮೇಲೆ ನಂಬಿಕೆ ಇಲ್ಲದವನು ಸಿನಿಮಾ ಮಾಡಬಾರದು ಎಂಬರ್ಥದ ಮಾತನ್ನು ರೈಮಿಯೇ ಮುಂದೆ ಆಡಿದ. ನಾಲ್ಕನೆಯದರ ತಯಾರಿ 2010ರಲ್ಲಿ ನಿಂತುಹೋಯಿತು.

ಆದರೂ ಆ ಸಿನಿಮಾದಲ್ಲಿ ಸ್ಯಾಂಡ್‌ಮ್ಯಾನ್ ಹುಟ್ಟುವ ದೃಶ್ಯ ಇದೆ. ಮರಳಿನ ರಾಶಿ ಮನುಷ್ಯನಾಗಲು ನೋಡುತ್ತದೆ, ಕುಸಿಯುತ್ತದೆ, ಮತ್ತೆ ಏಳುತ್ತದೆ. ಕೈ ಬರುತ್ತದೆ, ಮಗಳ ಫೋಟೋ ಇರುವ ಲಾಕೆಟ್ ಹಿಡಿಯಲು ಹೋಗುತ್ತದೆ, ಬೆರಳುಗಳು ಪುಡಿಯಾಗುತ್ತವೆ. ಒಂದೂ ಮಾತಿಲ್ಲ. ಇಡೀ ಸರಣಿಯಲ್ಲಿ ನನಗಿಷ್ಟವಾದ ಮೂರು ನಿಮಿಷ, ಎಲ್ಲರೂ ಕೈಬಿಟ್ಟ ಭಾಗದಲ್ಲಿದೆ. ಇನ್ನೊಂದು ತಮಾಷೆ: ಸ್ಪೈಡರ್‌ಮ್ಯಾನ್ ಆಗಿ ತಿರುಗುವ ಪೀಟರ್ ಪಾರ್ಕರ್ ಕೂದಲು ಹಣೆಗಿಳಿಸಿಕೊಂಡು ಬೀದಿಯಲ್ಲಿ ಕುಣಿಯುತ್ತಾ ಹೋಗುವ ದೃಶ್ಯಕ್ಕೆ 2007ರಲ್ಲಿ ಜನ ತಲೆ ತಗ್ಗಿಸಿದ್ದರು. ಆಗ ಚಿಕ್ಕವರಾಗಿದ್ದವರು ದೊಡ್ಡವರಾದ ಮೇಲೆ ಅದನ್ನೇ ಮೀಮ್ ಮಾಡಿ ಮೆರೆಸಿದರು. ಅದನ್ನು ಮೆಚ್ಚಿದರೋ ಗೇಲಿ ಮಾಡಿದರೋ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಕ್ಕಿಲ್ಲ. ಕಾಲವೇ ನ್ಯಾಯ ಕೊಡುತ್ತದೆ ಎಂಬ ಸಮಾಧಾನವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ‘ಬ್ಯಾಟ್‌ಮನ್ ರಿಟರ್ನ್ಸ್’ ಅನ್ನು ಈಗ ಪ್ರತಿ ಡಿಸೆಂಬರ್‌ನಲ್ಲಿ ಪ್ರೀತಿಯಿಂದ ನೋಡುವವರಿದ್ದಾರೆ, ಸರಿ. 1987ರ ನಾಲ್ಕನೇ ‘ಸೂಪರ್‌ಮನ್’ಗೆ ಯಾವ ಡಿಸೆಂಬರ್ ಬಂತು?

ಇಷ್ಟೆಲ್ಲ ಯೋಚನೆ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ, ಬ್ಯಾಟ್‌ಮನ್ ಕಥೆಗಳ ಖಳನನ್ನೇ ನಾಯಕ ಮಾಡಿದ ‘ಜೋಕರ್’ನ ಎರಡನೇ ಭಾಗ ‘ಫೋಲಿ ಆ ದ್ಯು’ ಬಂದ ಮೇಲೆ. ಇದು ದೂರಿದವರಿಗೂ ಅಲ್ಲ, ಚಪ್ಪಾಳೆ ಹೊಡೆದವರಿಗೇ ಕೊಟ್ಟ ಉತ್ತರ. ಉತ್ತರ ಎನ್ನುವುದಕ್ಕಿಂತ ಕಪಾಳಮೋಕ್ಷ. (ಕಥೆ ಬಿಟ್ಟುಕೊಡುತ್ತಿದ್ದೇನೆ, ನೋಡದವರು ಇಲ್ಲಿಗೆ ನಿಲ್ಲಿಸಬಹುದು.) 2019ರ ಮೊದಲ ಭಾಗ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಗೆದ್ದಿತ್ತು, ವಾಕೀನ್ ಫೀನಿಕ್ಸ್‌ಗೆ ಆಸ್ಕರ್ ತಂದಿತ್ತು, 100 ಕೋಟಿ ಡಾಲರ್ ದಾಟಿತ್ತು. ಎಲ್ಲರಿಂದ ತುಳಿಸಿಕೊಂಡ ಆರ್ಥರ್ ಫ್ಲೆಕ್ ಬಂದೂಕು ಹಿಡಿದು ಮುಖಕ್ಕೆ ಬಣ್ಣ ಬಳಿದುಕೊಂಡು ಜೋಕರ್ ಆಗಿ ಮೆಟ್ಟಿಲ ಮೇಲೆ ಕುಣಿದಾಗ, ಅವನನ್ನು ತಮ್ಮ ನಾಯಕ ಎಂದುಕೊಂಡ ಪ್ರೇಕ್ಷಕರು ಸಾಕಷ್ಟಿದ್ದರು. ನಿರ್ದೇಶಕ ಟಾಡ್ ಫಿಲಿಪ್ಸ್ ಎರಡನೇ ಭಾಗದಲ್ಲಿ ಆ ನಾಯಕನನ್ನು ಒಂದೊಂದೇ ಪದರ ಬಿಚ್ಚಿ ಬರಿಗೈ ಮಾಡುತ್ತಾನೆ. ಅರ್ಧ ಜೈಲು, ಅರ್ಧ ಕೋರ್ಟು, ನಡುನಡುವೆ ಹಾಡು. ಕೊನೆಗೆ ಆರ್ಥರ್ ಕೋರ್ಟಿನಲ್ಲಿ ಎದ್ದು ಜೋಕರ್ ಅಂತ ಯಾರೂ ಇಲ್ಲ, ಇರುವುದು ನಾನೊಬ್ಬನೇ ಎನ್ನುತ್ತಾನೆ.

ಆ ಮಾತು ಕೇಳಿದ್ದೇ ತಡ, ಲೀ ಎದ್ದು ಹೊರಟುಬಿಡುತ್ತಾಳೆ. ಲೇಡಿ ಗಾಗಾ ಮಾಡಿರುವ ಈ ಪಾತ್ರ ಜೋಕರ್‌ನನ್ನು ಟಿವಿಯಲ್ಲಿ ನೋಡಿ ಮೋಹಗೊಂಡು ಬಂದವಳು. ಅವಳಿಗೆ ಆರ್ಥರ್ ಬೇಕಿಲ್ಲ. ಮುಂದೆ ಅದೇ ಹಳೆಯ ಮೆಟ್ಟಿಲ ಮೇಲೆ ಅವನು ಬೇಡಿಕೊಂಡರೂ ನಿಲ್ಲುವುದಿಲ್ಲ. ಮೊದಲ ಭಾಗದ ಅಭಿಮಾನಿಯೇ ಪಾತ್ರವಾಗಿ ತೆರೆಯ ಮೇಲೆ ಬಂದಿದ್ದಾಳೆ. ಸಭಾಂಗಣದಿಂದ ಜನ ಎದ್ದುಹೋಗುವುದನ್ನು ಸಿನಿಮಾ ತಾನೇ ಮುಂಚಿತವಾಗಿ ಬರೆದಿಟ್ಟುಕೊಂಡಿದೆ. ಮೊದಲ ರಾತ್ರಿಯ ಪ್ರೇಕ್ಷಕರು ಸಿನಿಮಾಸ್ಕೋರ್‌ನಲ್ಲಿ ‘ಡಿ’ ಕೊಟ್ಟರು, ಅಲ್ಲಿಯವರೆಗೆ ಯಾವ ಕಾಮಿಕ್ಸ್ ಸಿನಿಮಾಕ್ಕೂ ಅಷ್ಟು ಕೆಳಗಿನ ಗ್ರೇಡ್ ಬಂದಿರಲಿಲ್ಲ. ಗಳಿಕೆ 20 ಕೋಟಿ ಡಾಲರ್‌ನ ಸುತ್ತಮುತ್ತ, ಖರ್ಚೂ ಬಹುತೇಕ ಅಷ್ಟೇ.

ನನ್ನ ಗೆಳೆಯನೊಬ್ಬ ಮೊದಲ ಭಾಗವನ್ನು ತಲೆ ಮೇಲೆ ಹೊತ್ತು ತಿರುಗಿದವನು. ‘ದುಡ್ಡು ಕೊಟ್ಟು ಬೈಸ್ಕೊಂಡು ಬಂದೆ ಕಣೋ’ ಎಂದ. ಅಷ್ಟೂ ವಿಮರ್ಶೆಗಳಲ್ಲಿ ಇಷ್ಟು ಕರಾರುವಾಕ್ಕಾದ ವಾಕ್ಯ ನನಗೆ ಸಿಗಲಿಲ್ಲ. ಅವನಿಗೆ ಸಿನಿಮಾ ಅರ್ಥವಾಗಿಲ್ಲ ಎಂದು ವಾದಿಸುವವರಿದ್ದಾರೆ. ಅವನಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾಗಿ ಸಿಟ್ಟು ಬಂದಿತ್ತು. ಧೈರ್ಯದ ಸಿನಿಮಾ ಎಂದು ಇದನ್ನು ಎತ್ತಿಹಿಡಿಯುವವರ ಜೊತೆಗೂ ನಾನು ಪೂರ್ತಿ ಹೋಗಲಾರೆ. ಧೈರ್ಯ ಇದೆ, ಆದರೆ ಹೇಳಬೇಕಾದ್ದು ಮೊದಲ ಅರ್ಧ ಗಂಟೆಯಲ್ಲೇ ತಿಳಿದುಹೋಗುತ್ತದೆ, ಉಳಿದದ್ದೆಲ್ಲ ಅದರ ಸಾಕ್ಷಿ ವಿಚಾರಣೆ. ಹಾಡುಗಳು ಕಥೆಯನ್ನು ಮುಂದಕ್ಕೂ ತಳ್ಳುವುದಿಲ್ಲ, ಆಳಕ್ಕೂ ಒಯ್ಯುವುದಿಲ್ಲ. ಪ್ರೇಕ್ಷಕನನ್ನು ಗದರಿಸಲು ಹೊರಟವನು ಅವನನ್ನು ಎಚ್ಚರವಾಗಿಯಾದರೂ ಇಡಬೇಕು.

ಎರಡು ಪಕ್ಷವಾಗಿ ಒಡೆದ ಸಿನಿಮಾಗಳ ಬಗ್ಗೆ ಜಗಳ ಕೇಳುವಾಗ ನಾನೊಂದು ಗಮನಿಸುತ್ತೇನೆ. ಪರ ಇರುವವರೂ ವಿರೋಧ ಇರುವವರೂ ಒಂದೇ ದೃಶ್ಯದ ಹೆಸರು ಹೇಳುತ್ತಿದ್ದಾರೋ ಇಲ್ಲವೋ ಎಂಬುದನ್ನು. ಪೆಂಗ್ವಿನ್‌ನ ಕಪ್ಪು ಲೋಳೆಯನ್ನು ಇಬ್ಬರೂ ಹೆಸರಿಸುತ್ತಾರೆ: ಒಬ್ಬ ಮೆಚ್ಚಿ, ಇನ್ನೊಬ್ಬ ಮುಖ ಸಿಂಡರಿಸಿ. ‘ಜಸ್ಟಿಸ್ ಲೀಗ್’ನಲ್ಲಿ ಯಾವ ಪಕ್ಷದವರಿಗೂ ಹೇಳಲು ಮೀಸೆಯ ಹೊರತು ಇನ್ನೇನಿಲ್ಲ. ‘ಫೋಲಿ ಆ ದ್ಯು’ ವಿಷಯದಲ್ಲಿ ನನ್ನ ಗೆಳೆಯನೂ ನಾನೂ ಒಂದೇ ದೃಶ್ಯಕ್ಕೆ ಬಂದು ನಿಂತೆವು. ಆರ್ಥರ್‌ನ ಹಳೆಯ ಸಹೋದ್ಯೋಗಿ ಗ್ಯಾರಿ ಸಾಕ್ಷಿ ಹೇಳಲು ಬರುತ್ತಾನೆ. ಅವನು ಕುಳ್ಳ, ಮೊದಲ ಭಾಗದಲ್ಲಿ ಎಲ್ಲರೂ ಅವನನ್ನು ಆಡಿಕೊಂಡವರೇ. ನನ್ನನ್ನು ಗೇಲಿ ಮಾಡದೆ ಇದ್ದವನು ನೀನೊಬ್ಬನೇ ಆಗಿದ್ದೆ, ಈಗ ನಿನ್ನನ್ನು ಕಂಡರೆ ಭಯವಾಗುತ್ತದೆ ಎನ್ನುತ್ತಾನೆ. ಎದುರಿಗೆ ಆರ್ಥರ್ ಜೋಕರ್ ವೇಷದಲ್ಲಿ, ಬೇಕೆಂದೇ ಎಳೆದ ಉಚ್ಚಾರದಲ್ಲಿ ವಕೀಲನ ನಾಟಕವಾಡುತ್ತಿದ್ದಾನೆ. ನಾಟಕ ನಡುವೆಯೇ ತಡವರಿಸುತ್ತದೆ. ‘ಅದೊಂದು ಚೆನ್ನಾಗಿತ್ತು’ ಎಂದು ಗೆಳೆಯ ಒಪ್ಪಿಕೊಂಡ. ಹಾಗಾದರೆ ಇನ್ನೊಮ್ಮೆ ನೋಡೋಣವಾ ಎಂದೆ. ಹಾಡು ಬಂದಾಗೆಲ್ಲ ಓಡಿಸುವುದಾದರೆ ಸರಿ, ರಿಮೋಟ್ ನನ್ನ ಕೈಯಲ್ಲೇ ಇರಬೇಕು ಎಂದ.